ದುಡ್ಡು ಬಂತು, ಸಿಟ್ಟು ಹೋಗಲಿಲ್ಲ

ದಾವಣಗೆರೆಯಲ್ಲಿರುವ ನಮ್ಮ ಸೋದರತ್ತೆಯ ಹತ್ತಿರ ಒಂದು ಹಳೇ ಪಾಸ್‌ಬುಕ್ ಇದೆ. ಪ್ಲಾಸ್ಟಿಕ್ ಕವರಿನೊಳಗಿಟ್ಟು, ಎರಡು ರಬ್ಬರ್ ಬ್ಯಾಂಡ್ ಹಾಕಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಾರೆ. ಆ ಬ್ಯಾಂಕು ಈಗಿಲ್ಲ. ಸಹಕಾರಿ ಬ್ಯಾಂಕು, ತೀರದ ಸಾಲಗಳನ್ನು ಕೊಟ್ಟು ಮುಳುಗಿತು. ಕೆಲವು ತಿಂಗಳು ಅತ್ತೆ ಒದ್ದಾಡಿದರು. ಆಮೇಲೆ ಠೇವಣಿ ವಿಮೆಯಿಂದ, ಅಂದರೆ ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಹಣ ಕೊಡುವ ವ್ಯವಸ್ಥೆಯಿಂದ, ಅವರ ಹಣ ಪೂರ್ತಿ ಬಂತು.

"ದುಡ್ಡು ಬಂತಲ್ಲ ಅತ್ತೆ, ಇನ್ನೂ ಯಾಕೆ ಸಿಟ್ಟು?" ಅಂತ ಕೇಳಿದೆ.

ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. "ದುಡ್ಡು ಬಂತಪ್ಪ. ಸಾಲ ಹಂಚಿದೋರು ಮತ್ತೆ ಎಲೆಕ್ಷನ್‌ಗೆ ನಿಂತಾರಲ್ಲ, ಅದಕ್ಕೇನಂತಿ?"

"ಜನಕ್ಕೆ ಅರ್ಥಶಾಸ್ತ್ರ ಗೊತ್ತಿಲ್ಲ, ಸುಮ್ನೆ ರಾಜಕಾರಣಿಗಳನ್ನ ಬೈತಾರೆ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅತ್ತೆಗೆ ದುಡ್ಡಿನ ಲೆಕ್ಕ ಚೆನ್ನಾಗಿಯೇ ಗೊತ್ತು. ಅವರ ಸಿಟ್ಟು ಬೇರೆ ಲೆಕ್ಕದ್ದು. ವಿಜ್ಞಾನಿಗಳು ಅದನ್ನೂ ಅಳೆದು ನೋಡಿದ್ದಾರೆ.

ಅದಕ್ಕೆ ಮೊದಲು, ಮುಳುಗುವ ಬ್ಯಾಂಕನ್ನು ಯಾಕೆ ಉಳಿಸಬೇಕು? ನಾವು ಕಟ್ಟಿದ ಹಣ ತಿಜೋರಿಯಲ್ಲಿ ಕೂತಿರುತ್ತದೆ ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಅದು ಅಲ್ಲಿರುವುದಿಲ್ಲ. ಬ್ಯಾಂಕು ನಮ್ಮ ಸೂಳೆಕೆರೆಯ ಹಾಗೆ. ಹಳ್ಳಗಳ ನೀರು ಬಂದು ನಿಲ್ಲುತ್ತದೆ, ತೂಬಿನಿಂದ ಗದ್ದೆಗೆ ಹೋಗುತ್ತದೆ. ಹೋದ ನೀರು ಮಾಯವಾಗಿಲ್ಲ, ಭತ್ತವಾಗಿ ವಾಪಸು ಬರುತ್ತದೆ. ಆದರೆ ಅದಕ್ಕೆ ನಾಲ್ಕು ತಿಂಗಳು ಬೇಕು. ನಾಳೆ ಬೆಳಿಗ್ಗೆ ಎಲ್ಲರೂ ಕೊಡ ಹಿಡಿದು ಬಂದು "ನಮ್ಮ ಪಾಲಿನ ನೀರು ಈಗಲೇ ಕೊಡಿ" ಅಂದರೆ ಎಂಥ ಕೆರೆಯೂ ತಡೆಯಲ್ಲ. ಮೊದಲು ಬಂದವರಿಗೆ ಸಿಗುತ್ತದೆ, ಕೊನೆಯವರಿಗೆ ಕೆಸರು. ಹಾಗಾಗಿ ಮೊದಲು ಓಡುವುದೇ ಜಾಣತನ ಅಂತ ಎಲ್ಲರಿಗೂ ಅನಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿದರು. 2022ರಲ್ಲಿ ಅವರಿಗೆ ನೊಬೆಲ್ ಬಂತು.

ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯ ಹೋಲಿಕೆ ಇನ್ನೂ ಬೇಗ ಹಿಡಿಸೀತು. ಕಾದ ಮರಳಿಗೆ ಅಕ್ಕಿ ಸುರಿದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಎಲ್ಲಾ ಅರಳಿ ಏಳುತ್ತವೆ. ಠೇವಣಿದಾರರೂ ಹಾಗೇ ಒಟ್ಟಿಗೆ ಏಳುತ್ತಾರೆ. ಆದರೆ ಅಕ್ಕಿಕಾಳು ತನ್ನೊಳಗಿನ ತೇವ ಆವಿಯಾದಾಗ ಅರಳುತ್ತದೆ, ಪಕ್ಕದ ಕಾಳನ್ನು ನೋಡಿ ಅಲ್ಲ. ಮನುಷ್ಯ ಪಕ್ಕದವರನ್ನು ನೋಡಿ ಏಳುತ್ತಾನೆ. ಮರಳು ತಣ್ಣಗಿದ್ದರೂ ಏಳುತ್ತಾನೆ.

1973ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಆಗಿದ್ದು ಇದೇ. ರೈಲಿನಲ್ಲಿ ಮೂವರು ಹೈಸ್ಕೂಲು ಹುಡುಗಿಯರು ಮಾತಾಡುತ್ತಿದ್ದರು. ಒಬ್ಬಳಿಗೆ ಟೊಯೊಕಾವಾದ ಶಿಂಕಿನ್, ಅಂದರೆ ಅಲ್ಲಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. "ಬ್ಯಾಂಕು ಅಪಾಯ ಕಣೇ" ಅಂತ ಇನ್ನೊಬ್ಬಳು ರೇಗಿಸಿದಳು. ದರೋಡೆಯವರು ನುಗ್ಗಬಹುದು ಅನ್ನುವ ಅರ್ಥದಲ್ಲಿ, ಅಷ್ಟೇ. ಮಾತು ಬಾಯಿಂದ ಬಾಯಿಗೆ ಹೋಗಿ, ಕೆಲವೇ ದಿನಗಳಲ್ಲಿ ಗಟ್ಟಿಯಾಗಿದ್ದ ಬ್ಯಾಂಕಿನ ಮುಂದೆ ಜನ ಸಾಲುಗಟ್ಟಿ ನಿಂತರು. ವಾಟ್ಸಾಪ್ ಇಲ್ಲದ ಕಾಲ, ನೆನಪಿರಲಿ.

ನಮ್ಮ ಠೇವಣಿ ವಿಮೆ ಹುಟ್ಟಿದ್ದೂ ಇಂಥ ಪೆಟ್ಟಿನಿಂದಲೇ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. 1962ರಲ್ಲಿ ವಿಮೆ ಶುರುವಾಯಿತು, ಆಗ ಒಬ್ಬ ಠೇವಣಿದಾರರಿಗೆ 1,500 ರೂಪಾಯಿವರೆಗೆ. 2020ರ ಫೆಬ್ರವರಿಯಿಂದ ಅದು 5 ಲಕ್ಷ. ಇದರ ಕಂತು ಕಟ್ಟುವುದು ಬ್ಯಾಂಕುಗಳೇ, ನಮ್ಮ ತೆರಿಗೆ ಅಲ್ಲ. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಬೀದಿಗೊಂದಿರುವ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಹೆಸರಿನಲ್ಲಿ ಸಹಕಾರ ಅಂತ ಇದ್ದ ಮಾತ್ರಕ್ಕೆ ಅದು ಬ್ಯಾಂಕಲ್ಲ.

ವಿಮೆಗೂ ಮೀರಿದ ಹೊಡೆತ ಬಿದ್ದಾಗ ಸರ್ಕಾರವೇ ಇಳಿಯುತ್ತದೆ. ಏರಿ ಬಿರುಕು ಬಿಟ್ಟರೆ ಮೊದಲು ಮಣ್ಣು ಹೊರಬೇಕು, ತಪ್ಪು ಯಾರದು ಅಂತ ಆಮೇಲೆ ಕೇಳಬೇಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ತಕರಾರು ಇರುವುದು ಆ "ಆಮೇಲೆ" ಬರದೇ ಹೋದಾಗ.

ಈಗ ಪ್ರಯೋಗಕ್ಕೆ ಬರೋಣ. 2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಅಲನ್ ಸ್ಯಾನ್‌ಫಿ ಮತ್ತು ಜೊತೆಗಾರರು 19 ಜನರಿಗೆ ಒಂದು ಆಟ ಆಡಿಸಿ, ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. 10 ಡಾಲರ್ ಇದೆ. ಎದುರಿನವರು ಪಾಲು ಮಾಡುತ್ತಾರೆ. ನೀವು ಒಪ್ಪಿದರೆ ಇಬ್ಬರಿಗೂ ಸಿಗುತ್ತದೆ, ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಬರೀ ದುಡ್ಡಿನ ಲೆಕ್ಕ ನೋಡಿದರೆ ಒಂದು ಡಾಲರ್ ಕೊಟ್ಟರೂ ತಗೋಬೇಕು, ಅಲ್ವಾ? ಆದರೆ ಒಂಬತ್ತು ತಾವಿಟ್ಟುಕೊಂಡು ಒಂದು ಕೊಟ್ಟಾಗ ಎಷ್ಟೋ ಜನ ಬೇಡವೇ ಬೇಡ ಅಂದರು. ಆ ಹೊತ್ತಿಗೆ ಮೆದುಳಿನಲ್ಲಿ ಚುರುಕಾಗಿದ್ದು ಇನ್ಸುಲಾ ಅನ್ನುವ ಭಾಗ. ಕೊಳೆತ ವಾಸನೆಗೆ ಮುಖ ಕಿವುಚುವಾಗಲೂ ಕೆಲಸ ಮಾಡುವ ಜಾಗ ಅದು.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಭಾಗ. ಅದೇ ಕಮ್ಮಿ ಪಾಲನ್ನು ಕಂಪ್ಯೂಟರ್ ಕೊಟ್ಟಿದೆ ಅಂದಾಗ ಜನ ಅಷ್ಟು ಸಿಟ್ಟಾಗಲಿಲ್ಲ, ಹೆಚ್ಚಿನವರು ತಗೊಂಡರು. ನಷ್ಟ ಅಷ್ಟೇ, ಆದರೆ ಕೈ ಬೇರೆ! ಭದ್ರಾ ನಾಲೆಯ ಕೊನೇ ಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಯಿಲ್ಲದೆ ನಾಲೆ ಒಣಗಿದರೆ ಆಕಾಶ ನೋಡುತ್ತಾರೆ. ಮೇಲಿನವರು ಪಂಪ್‌ಸೆಟ್ ಇಟ್ಟು ನೀರೆತ್ತಿ ಒಣಗಿದರೆ ರಸ್ತೆಗೆ ಇಳಿಯುತ್ತಾರೆ. ನೀರಗಂಟಿಯೇ ತೂಬು ತಿರುಗಿಸಿದ ಅಂತ ಗೊತ್ತಾದರೆ ಅವನನ್ನು ಜನ್ಮದಲ್ಲಿ ನಂಬಲ್ಲ.

2008ರಲ್ಲಿ ಅಮೆರಿಕ ಸರ್ಕಾರ ಎಐಜಿ ಅನ್ನುವ ವಿಮಾ ಕಂಪನಿಯನ್ನು ಎತ್ತಿ ನಿಲ್ಲಿಸಿತು. ನೆರವಿನ ಮೊತ್ತ ಬೆಳೆದು ಸುಮಾರು 18,200 ಕೋಟಿ ಡಾಲರ್ ಮುಟ್ಟಿತು. 2009ರ ಮಾರ್ಚ್‌ನಲ್ಲಿ ಅದೇ ಕಂಪನಿ ತನ್ನವರಿಗೆ 16.5 ಕೋಟಿ ಡಾಲರ್ ಬೋನಸ್ ಕೊಟ್ಟದ್ದು ಹೊರಬಿತ್ತು. ನೆರವಿನ ಸಾವಿರ ರೂಪಾಯಿಗೆ ಒಂದು ರೂಪಾಯಿಯೂ ಆಗದ ಮೊತ್ತ. ಇಡೀ ದೇಶ ಕೆರಳಿದ್ದು ಆ ಒಂದು ರೂಪಾಯಿಗೆ. ಐರ್ಲೆಂಡಿನಲ್ಲಿ ಬ್ಯಾಂಕುಗಳ ಹೊರೆಯನ್ನು ಜನರ ತಲೆಗೆ ಕಟ್ಟಿದ ಪಕ್ಷ 2011ರ ಚುನಾವಣೆಯಲ್ಲಿ ಎಪ್ಪತ್ತಕ್ಕೂ ಜಾಸ್ತಿ ಸ್ಥಾನಗಳಿಂದ 20ಕ್ಕೆ ಇಳಿಯಿತು.

ಸ್ವೀಡನ್ 1992ರಲ್ಲಿ ಬೇರೆ ದಾರಿ ಹಿಡಿದಿತ್ತು. ಆಳುವವರು, ವಿರೋಧ ಪಕ್ಷದವರು ಒಟ್ಟಿಗೆ ನಿಂತರು. ಠೇವಣಿದಾರರನ್ನು ಉಳಿಸಿದರು, ಆದರೆ ನಷ್ಟದ ಮೊದಲ ಪೆಟ್ಟು ಬ್ಯಾಂಕಿನ ಮಾಲೀಕರಿಗೇ ಬೀಳಬೇಕು ಅಂತ ಹಟ ಹಿಡಿದರು. ಏರಿಗೆ ಮಣ್ಣೂ ಬಿತ್ತು, ಬಿರುಕು ಬಿಟ್ಟದ್ದು ಯಾರಿಂದ ಅನ್ನುವುದೂ ಕಣ್ಣಿಗೆ ಕಂಡಿತು.

ನಮ್ಮಲ್ಲಿ 2017ರ ಅಕ್ಟೋಬರ್‌ನಲ್ಲಿ, ತೀರದ ಸಾಲಗಳಿಂದ ಸೊರಗಿದ್ದ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಪ್ರಕಟವಾಯಿತು. ಅದರಲ್ಲಿ 1.35 ಲಕ್ಷ ಕೋಟಿ ಬಾಂಡ್ ರೂಪದ್ದು, ಅದರ ಬಡ್ಡಿ ತೆರುವುದು ನಮ್ಮ ತೆರಿಗೆ ಹಣದಿಂದ. ತುಂಬಬೇಕಿತ್ತು, ತುಂಬಿದರು. ಆ ಸಾಲಗಳಿಗೆ ಸಹಿ ಹಾಕಿದವರು ಯಾರು, ಹಾಕಿಸಿದವರು ಯಾರು ಅಂತ ನನ್ನ ಅತ್ತೆಗೆ ಅರ್ಥವಾಗುವ ಭಾಷೆಯಲ್ಲಿ ಯಾರೂ ಬಂದು ಹೇಳಲಿಲ್ಲ.

ಮುಚ್ಚಿಹೋದ ಬ್ಯಾಂಕಿನ ಪಾಸ್‌ಬುಕ್ ಯಾಕೆ ಇಟ್ಟುಕೊಂಡಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ರಬ್ಬರ್ ಬ್ಯಾಂಡ್ ಬಿಚ್ಚಿ ಕೊನೇ ಪುಟ ತೋರಿಸಿದರು. ಆಗಿನ ಆಡಳಿತ ಮಂಡಳಿಯವರ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಒಂದರ ಕೆಳಗೊಂದು ಬರೆದಿದ್ದಾರೆ. ಎಲೆಕ್ಷನ್‌ಗೆ ಮತ್ತೆ ನಿಂತವರ ಹೆಸರಿನ ಮುಂದೆ ಒಂದು ಗುರುತು.