ಕಾಕಾ ಬರೆದಿಟ್ಟ ಉದ್ರಿ ವಹಿ

ಹೋದ ವರ್ಷ ಶ್ರಾವಣದಲ್ಲಿ ಕಿರಾಣಿ ಅಂಗಡಿಯ ಕಾಕಾ ತೀರಿಕೊಂಡರು. ಹದಿನೈದು ದಿನ ಆಗಿತ್ತೋ ಇಲ್ಲವೋ, ಅವರ ಇಬ್ಬರು ಮಕ್ಕಳು ಒಂದು ಗೋಣಿಚೀಲ ಹೊತ್ತುಕೊಂಡು ನನ್ನ ಆಫೀಸಿಗೆ ಬಂದರು. ಚೀಲದಲ್ಲಿ ಲೆಕ್ಕ ಬರೆದ ಹನ್ನೊಂದು ಕೆಂಪು ವಹಿಗಳಿದ್ದವು. ಉದ್ದನೆಯವು, ದಾರ ಹಾಕಿ ಹೊಲಿದವು. ದೀಪಾವಳಿ ಪೂಜೆಯ ಅರಿಶಿನ ಕುಂಕುಮ ಮೊದಲ ಪುಟದಲ್ಲಿ ಹಾಗೇ ಅಂಟಿಕೊಂಡಿತ್ತು.

"ಸರ್, ಮಂದಿ ಕಡೆ ಭಾಳ ಉದ್ರಿ ಐತಿ. ಇದನ್ನ ಕೋರ್ಟಿಗೆ ಹಾಕಿದ್ರ ಬರ್ತೈತೇನ್ರಿ?" ಅಂದ ದೊಡ್ಡವನು.

ನಾನು ಬಾಗಲಕೋಟೆಯಲ್ಲಿ ತೆರಿಗೆ, ಲೆಕ್ಕಪತ್ರದ ಕೆಲಸ ಮಾಡುವವನು. ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಉತ್ತರ ಕೇಳಿದವರು ಸಾಮಾನ್ಯವಾಗಿ ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಾರೆ. ಅಂಗಡಿಯವನು ದಿನಾ ಬರೆದ ಲೆಕ್ಕ ಕೋರ್ಟಿನಲ್ಲಿ ಸಾಕ್ಷಿ ಆಗುತ್ತದೆ, ನಿಜ. ಆದರೆ ಅದೊಂದನ್ನೇ ಹಿಡಿದು ಎದುರಿನವರ ತಲೆಗೆ ಸಾಲ ಕಟ್ಟಲು ಆಗಲ್ಲ. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಹೇಳುತ್ತಿದ್ದದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮೂ ಇದನ್ನೇ ಹೇಳುತ್ತದೆ. ವಹಿಯ ಜೊತೆಗೆ ಸಹಿ ಬೇಕು, ಚೀಟಿ ಬೇಕು, ಇಲ್ಲಾ ಕಂಡವರು ಬೇಕು. ಅದರ ಮೇಲೆ ದಾವೆ ಹಾಕಲು ಮೂರು ವರ್ಷದ ಗಡುವು ಬೇರೆ. ಇಂಥ ದಿನ ಕೊಡಬೇಕು ಅಂತ ಮಾತಾಗದೆ ಕೊಟ್ಟ ಉದ್ರಿಗೆ, ಮಾಲು ಕೊಟ್ಟ ದಿನದಿಂದಲೇ ಎಣಿಕೆ ಶುರು. ಮಾಲಕರು ತೀರಿಕೊಂಡಿದ್ದರೆ ಮಕ್ಕಳು ಸಾಮಾನ್ಯವಾಗಿ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ವಾರಸುದಾರಿಕೆ ಪತ್ರ ತರಬೇಕು, ಅದಿಲ್ಲದೆ ವಸೂಲಿಗೆ ಡಿಕ್ರಿ ಸಿಗಲ್ಲ. ಸಾವಿರ, ಎರಡು ಸಾವಿರದ ಕಿರಾಣಿ ಬಾಕಿಗೆ ಇಷ್ಟೆಲ್ಲ ಯಾರು ಓಡಾಡ್ತಾರೆ ಹೇಳಿ.

ಇಷ್ಟು ಹೇಳುತ್ತಲೇ ಮೇಲಿನ ವಹಿ ಬಿಚ್ಚಿದೆ. ಪ್ರತಿ ಖಾತೆಯ ಕೊನೆಗೆ, ದೀಪಾವಳಿ ಪಾಡ್ಯದ ಹಿಂದೆಮುಂದಿನ ತಾರೀಖು ಹಾಕಿ, "ಬಾಕಿ ಮುಂದಕ್ಕೆ" ಅಂತ ಒಂದು ಸಾಲು. ಮೊತ್ತ ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ. ಪಕ್ಕದಲ್ಲಿ ಗಿರಾಕಿಯ ಸಹಿ, ಸಹಿ ಬಾರದವರದು ಹೆಬ್ಬೆಟ್ಟು. ವರ್ಷಾ ವರ್ಷಾ ಹೀಗೇ.

1963ರ ಕಾಲಮಿತಿ ಕಾಯ್ದೆಯಲ್ಲಿ 18ನೇ ಕಲಮು ಅಂತ ಒಂದಿದೆ. ಗಡುವು ಮುಗಿಯುವ ಮೊದಲೇ ಸಾಲಗಾರ ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ ಸಿಗುತ್ತದೆ. ದೊಡ್ಡ ದೊಡ್ಡ ವ್ಯಾಪಾರಿಗಳಿಗೆ ನಾವು ಫೀ ತೆಗೆದುಕೊಂಡು ಈ ಸಲಹೆ ಕೊಡುತ್ತೇವೆ, ಅವರು ಅದನ್ನ ಮರೆಯುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕಾಕಾ ಕಲಮಿನ ಹೆಸರೂ ಕೇಳದೆ ಅದನ್ನೇ ಮಾಡಿಕೊಂಡು ಬಂದಿದ್ದರು. ಹಿಂದೊಮ್ಮೆ ನಾನೇ ಕೇಳಿದ್ದೆ, ಈ ಸಹಿ ಯಾಕೆ ಕಾಕಾ ಅಂತ. "ಕೋರ್ಟ್ ತಗೊಂಡು ಏನ್ ಮಾಡೂದೈತಿ ತಮ್ಮಾ. ವರ್ಷಕ್ಕೊಮ್ಮೆ ಎದುರಾಬದುರು ಕುಂತು ಲೆಕ್ಕಾ ಓದಿದ್ರ ಅವ್ರಿಗೂ ನಿದ್ದಿ ಬರ್ತೈತಿ, ನನಗೂ ಬರ್ತೈತಿ" ಅಂದಿದ್ದರು.

ಅವರು ಹಳೇ ಬಾಗಲಕೋಟೆಗೆ ಬಂದದ್ದು ಹುಡುಗನಾಗಿದ್ದಾಗ, ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಕಸ ಹೊಡೆಯಲು, ಪೊಟ್ಟಣ ಕಟ್ಟಲು. ಅಲ್ಲಿನ ಮುನೀಮರ ಪಕ್ಕ ಕೂತು ಕಿರ್ದಿ ಬರೆಯುವುದು ಕಲಿತರು. ಆಮೇಲೆ ಬಾಡಿಗೆ ಖೋಲಿಯಲ್ಲಿ ಸ್ವಂತ ಅಂಗಡಿ. ಅದು ನೆಲೆ ನಿಂತಿತು ಅನ್ನುವಷ್ಟರಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಓಣಿ ಓಣಿಯೇ ಎದ್ದು, ಮುಳುಗಡೆಯವರಿಗೆ ಕಟ್ಟಿದ ನವನಗರದ ಸೆಕ್ಟರುಗಳಿಗೆ ಹಂಚಿಹೋಯಿತು. ಅಕ್ಕಪಕ್ಕ ಇದ್ದವರು ಮೈಲಿ ದೂರದವರಾದರು. ಉದ್ರಿ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇಲ್ಲ, ಗಿರಾಕಿ ಅಂಗಡಿ ಮುಂದೆ ಹಾಯ್ದು ಹೋಗುವುದೇ ನಿಂತರೆ ಬಾಕಿಯೂ ನಿಂತ ಹಾಗೆ. ಕಾಕಾ ಆ ವರ್ಷ ವಹಿಗಳನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಮನೆ ಮನೆಗೆ ಹೋದರಂತೆ. ವಸೂಲಿಗಲ್ಲ, ಹೊಸ ವಿಳಾಸ ಬರೆದುಕೊಳ್ಳಲು. ಆ ವಹಿಯಲ್ಲಿ ಹೆಸರಿನ ಕೆಳಗೆ ಬೇರೆ ಶಾಯಿಯಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಇವೆ. ಒಂದು ಕಡೆ "ಬೇವಿನ ಗಿಡದ ಮನಿ" ಅಂತಷ್ಟೇ ಇದೆ.

ಯಾರಿಗೆ ಎಷ್ಟು ಉದ್ರಿ ಅನ್ನುವುದರಲ್ಲಿ ಅವರು ಭಾಳ ಬಿಗಿ. ಮನೆಗೆ ಎಷ್ಟು ರೊಕ್ಕ ಬರುತ್ತದೆ ಅಂತ ಕೇಳುತ್ತಿರಲಿಲ್ಲ, ಯಾವಾಗ ಬರುತ್ತದೆ ಅಂತ ಕೇಳುತ್ತಿದ್ದರು. ನೌಕರಿಯವರಿಗೆ ಒಂದನೇ ತಾರೀಖು, ನೇಕಾರರಿಗೆ ವಾರದ ಮಜೂರಿ, ಜೋಳ ಬೆಳೆಯುವವರಿಗೆ ಸುಗ್ಗಿ. ಕಷ್ಟ ಇದ್ದದ್ದು ಕಬ್ಬಿನವರದು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುತ್ತದೆ ಅಷ್ಟೇ. ಈ ಕಡೆಯ ರೈತರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಬಿಲ್ಲು ಬರದ ಮನೆಗೆ ಕಾಕಾ ಎಣ್ಣೆ, ಬೇಳೆ, ಚಹಾಪುಡಿ ಕೊಡುತ್ತಿದ್ದರು, ಗುಟ್ಕಾ ಸಿಗರೇಟು ಮಾತ್ರ ಯಾರಿಗೂ ಉದ್ರಿ ಇಲ್ಲ. ಮದುವೆ ಸಂತೆಗೆ ಅರ್ಧ ನಗದು ಇಡಲೇಬೇಕು, ಸ್ವಂತ ಅಳಿಯನಾದರೂ.

ಇನ್ನು ನನ್ನ ತಪ್ಪು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅವರನ್ನು ಕಾಂಪೊಸಿಶನ್ ಸ್ಕೀಮಿಗೆ ಹಾಕಿಸಿದೆ. ಅದು ಸರಿ ಇತ್ತು. ಸಣ್ಣ ಅಂಗಡಿಗೆ ಅದೇ ಹಗುರ, ತೆರಿಗೆ ಇರುವ ಮಾಲಿನ ವಹಿವಾಟಿಗೆ ಶೇಕಡ 1 ಕಟ್ಟಿದರೆ ಮುಗಿಯಿತು, ಈಗ ವರ್ಷಕ್ಕೆ 1.5 ಕೋಟಿ ವಹಿವಾಟಿನವರೆಗೆ ಅವಕಾಶ ಇದೆ. ಆದರೆ ಈ ಸ್ಕೀಮಿನಲ್ಲಿದ್ದವರು ಗಿರಾಕಿಯಿಂದ ತೆರಿಗೆ ಅಂತ ಬೇರೆ ಒಂದು ಪೈಸೆಯೂ ತೆಗೆದುಕೊಳ್ಳುವಂತಿಲ್ಲ. ಚೀಟಿಯಲ್ಲಿ ಜಿಎಸ್‌ಟಿ ಗೀಚಿ ರೊಕ್ಕ ತೆಗೆದುಕೊಳ್ಳುವ ಕಾಂಪೊಸಿಶನ್ ಅಂಗಡಿ ಕಂಡರೆ ಕೇಳಿ ಬಿಡಿ. ತಪ್ಪಿದ್ದು ಎಲ್ಲಿ ಅಂದರೆ, ಕಂಪ್ಯೂಟರ್ ಕೊಡಿಸಿ "ಇನ್ನ ವಹಿ ಬಿಡ್ರಿ ಕಾಕಾ" ಅಂದೆನಲ್ಲ, ಅಲ್ಲಿ. ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳ ಖಾತೆ ಇತ್ತು. ಎಂಟ್ರಿ ಹೊಡೆಯುವ ಹುಡುಗ ಮೂರು ತಿಂಗಳು ಒಬ್ಬರ ಸಕ್ಕರೆ, ಎಣ್ಣೆ ಇನ್ನೊಬ್ಬರ ಲೆಕ್ಕಕ್ಕೆ ಸೇರಿಸಿದ. ಆಕೆ ಅಂಗಡಿಗೆ ಬಂದು ತನ್ನ ಸಣ್ಣ ನೋಟ್‌ಬುಕ್ ಕೌಂಟರ್ ಮೇಲೆ ಇಟ್ಟಳು. ಕಾಕಾ ಪ್ರತಿ ಗಿರಾಕಿಗೂ ಅಂಥದೊಂದು ಕೊಟ್ಟಿದ್ದರು, ವಹಿಯಲ್ಲಿ ಬರೆದದ್ದನ್ನೇ ಅದರಲ್ಲೂ ಬರೆಯುತ್ತಿದ್ದರು. ಆಕೆಯ ಪುಸ್ತಕವೇ ಸರಿ ಇತ್ತು, ನನ್ನ ಕಂಪ್ಯೂಟರ್ ತಪ್ಪಿತ್ತು. ಕಾಕಾ ನನಗೆ ಬೈಯಲಿಲ್ಲ. ಆಫೀಸಿಗೆ ಬಂದು ನನ್ನ ಫೀ ಪೂರ್ತಿ ಎಣಿಸಿಟ್ಟು, "ಮಷೀನ್ ಸರ್ಕಾರಕ್ಕಿರ್ಲಿ, ವಹಿ ಮಂದಿಗಿರ್ಲಿ" ಅಂತ ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ವಹಿಗಳಲ್ಲಿ ಇನ್ನೊಂದು ಕಂಡೆ. ಅಲ್ಲಲ್ಲಿ ಮೊತ್ತದ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಡಿಮೆ ಮೊತ್ತ ಬರೆದು, "ಗಿರಾಕಿ ಮಾತು" ಅಂತ ಹಾಕಿದ್ದರು. ಲೆಕ್ಕದಲ್ಲಿ ಚಿತ್ತು ಇರಬಾರದು ಅಂತ ನಾವು ಎಲ್ಲರಿಗೂ ಹೇಳುತ್ತೇವೆ, ಆದರೆ ಚಿತ್ತು ಹಾಕಲೇಬೇಕಾದರೆ ಹೀಗೇ ಹಾಕಬೇಕು, ಹಳೇ ಅಂಕಿ ಓದಲು ಬರಬೇಕು. "ಇಷ್ಟ ತಗೊಂಡಿಲ್ಲ" ಅಂತ ಗಿರಾಕಿ ಅಂದರೆ ಕಾಕಾ ಒಂದು ಸಲ ಒಪ್ಪುತ್ತಿದ್ದರು. ಒಂದೇ ಸಲ. "ಗಿರಾಕಿ ಮಾತು" ಎರಡು ಸಲ ಬಂದ ಖಾತೆ ನನಗೆ ಸಿಕ್ಕಿದ್ದು ಮೂರು. ಮೂರರ ಕೆಳಗೂ "ಇನ್ನು ನಗದು" ಅಂತ ಇದೆ. ಕಾಕಾ ಎಲ್ಲರನ್ನೂ ಕಣ್ಣುಮುಚ್ಚಿ ನಂಬುತ್ತಿದ್ದರು ಅಂತ ಊರಲ್ಲಿ ಈಗ ಮಾತಾಡುವವರು ಈ ಮೂರು ಪುಟ ನೋಡಿಲ್ಲ.

ಮಕ್ಕಳಿಗೆ ಹೇಳಬೇಕಾದದ್ದು ಹೇಳಿದೆ. ಅಪ್ಪನ ಹೆಸರಿನ ಜಿಎಸ್‌ಟಿ ನಂಬರಿನಲ್ಲಿ ವ್ಯಾಪಾರ ಮುಂದುವರಿಸುವ ಹಾಗಿಲ್ಲ, ಅದನ್ನ ರದ್ದು ಮಾಡಿಸಿ ಹೊಸದು ತೆಗೆದುಕೊಳ್ಳಬೇಕು. ಕೋರ್ಟಿನ ಮಾತು ಸದ್ಯಕ್ಕೆ ಬಿಡಿ, ಸಹಿಗಳು ಇವೆ, ಗಡುವೂ ಇದೆ. ಪಾಡ್ಯ ಬರಲಿ, ಬೆಂಚು ಹಾಕಿ, ಕೂತು ಓದಿ ಅಂದೆ.

ಪಾಡ್ಯದ ದಿನ ನಾನೂ ಹೋಗಿದ್ದೆ. ಎಲ್ಲರೂ ಬಂದಿರಲಿಲ್ಲ. ದೊಡ್ಡ ಬಾಕಿಯ ಇಬ್ಬರಂತೂ ಫೋನೂ ಎತ್ತಲಿಲ್ಲ. ಸಣ್ಣ ಮಗ ಓದುತ್ತಿದ್ದ, ಗಡಿಬಿಡಿಯಲ್ಲಿ. ಎದುರಿಗೆ ಕೂತಿದ್ದ ಮುದುಕಿ ನೋಟ್‌ಬುಕ್ ಮೇಲೆ ಬೆರಳಿಟ್ಟುಕೊಂಡು ಅವನನ್ನು ತಡೆದಳು.

"ಮತ್ತೊಮ್ಮೆ ಓದಪಾ. ನಿಮ್ಮಪ್ಪ ಸಾವಕಾಶ ಓದ್ತಿದ್ದ."