ಹೊಸ ರೈಲು ದಾರಿಯಲ್ಲಿ ನಿಲ್ಲುವುದೇಕೆ: ಹದಿನಾರು ಬಾಗಿಲುಗಳ ಲೆಕ್ಕ

ಹೊಸದಾಗಿ ಬಂದ ರೈಲುಗಾಡಿಯೊಂದು ಮೊದಲ ಕೆಲವು ತಿಂಗಳಲ್ಲೇ ದಾರಿಯಲ್ಲಿ ಕೆಟ್ಟು ನಿಂತರೆ ಹುಬ್ಬಳ್ಳಿ–ಧಾರವಾಡದ ಕಡೆ ಎರಡು ಬಗೆಯ ಮಾತು ಕೇಳಿಬರುತ್ತದೆ. "ಮುಹೂರ್ತ ನೋಡಲಾರದ ಬಿಟ್ಟಾರ, ದೃಷ್ಟಿ ತಾಗೇತಿ, ಒಂದು ಕುಂಬಳಕಾಯಿ ಒಡೀಬೇಕಿತ್ತು" ಎಂಬುದು ಒಂದು. "ಹಳೇ ಗಾಡಿನ ಗಟ್ಟಿ ಇದ್ದುವು, ಈಗಿನವು ಬರೇ ಬಣ್ಣ" ಎಂಬುದು ಇನ್ನೊಂದು. ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಾದರೂ ಇದೆ. ಮೊದಲನೆಯದು ನನ್ನನ್ನು ನಿಜವಾಗಿಯೂ ಕಳವಳಕ್ಕೆ ಈಡುಮಾಡುತ್ತದೆ, ಏಕೆಂದರೆ ದೋಷವನ್ನು ದೃಷ್ಟಿಯ ಮೇಲೆ ಹೊರಿಸಿದ ಕ್ಷಣದಿಂದ ಅದರ ಕಾರಣವನ್ನು ಹುಡುಕುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ. ಕಾರಣವಂತೂ ಇದೆ, ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲೂಬಹುದು.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ಮೊದಲ ವಂದೇ ಭಾರತ್ ರೈಲು 2019ರ ಫೆಬ್ರುವರಿ 15ರಂದು ದೆಹಲಿಯಿಂದ ಉದ್ಘಾಟನೆಗೊಂಡು, ಮರುದಿನ ವಾರಾಣಸಿಯಿಂದ ಹಿಂದಿರುಗುವಾಗ ಟುಂಡ್ಲಾದ ಬಳಿ ನಿಂತುಹೋಯಿತು. ಬ್ರಿಟನ್ನಿನಲ್ಲಿ ಹಿಟಾಚಿ ಕಂಪನಿಯ ಹೊಸ ಇಂಟರ್‌ಸಿಟಿ ರೈಲು 2017ರ ಅಕ್ಟೋಬರ್ 16ರ ಮೊದಲ ಓಟದಲ್ಲೇ ತಡವಾಗಿ ಲಂಡನ್ ತಲುಪಿತು. ಹವಾನಿಯಂತ್ರಣ ಯಂತ್ರದ ನೀರು ಪ್ರಯಾಣಿಕರ ಮೈಮೇಲೆ ಸುರಿದಿತ್ತು. ಆಮ್‌ಸ್ಟರ್‌ಡ್ಯಾಮ್ ಮತ್ತು ಬ್ರಸೆಲ್ಸ್ ನಡುವೆ 2012ರ ಡಿಸೆಂಬರ್‌ನಲ್ಲಿ ಆರಂಭವಾದ ಫೈರಾ ರೈಲುಗಳನ್ನು ಮುಂದಿನ ತಿಂಗಳೇ ಸೇವೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಇಷ್ಟೂ ದೇಶಗಳ ಪಂಚಾಂಗವೂ ಒಂದೇ ಸಮನೆ ಕೆಟ್ಟಿರಲು ಸಾಧ್ಯವಿಲ್ಲ.

ಹೊಸತರಲ್ಲಿ ಕೆಡುವುದು ಹೆಚ್ಚು ಎಂಬ ತಿಳಿವಳಿಕೆಯ ಬೇರು ಯಂತ್ರಶಾಸ್ತ್ರಕ್ಕಿಂತ ಹಳೆಯದು. ಧೂಮಕೇತುವಿಗೆ ಹೆಸರಾದ ಎಡ್ಮಂಡ್ ಹ್ಯಾಲಿ, ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ಜನನ ಮರಣದ ದಾಖಲೆಗಳನ್ನು ಹಿಡಿದು 1693ರಲ್ಲಿ ಒಂದು ಆಯುಷ್ಯ ಪಟ್ಟಿಯನ್ನು ಪ್ರಕಟಿಸಿದ. ಮರಣದ ಅಪಾಯ ಶೈಶವದಲ್ಲಿ ಬಹಳ ಹೆಚ್ಚಾಗಿದ್ದು, ಬೆಳೆದ ಮೇಲೆ ಇಳಿದು, ಮುಪ್ಪಿನಲ್ಲಿ ಮತ್ತೆ ಏರುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಸೇನೆಯ ಎಲೆಕ್ಟ್ರಾನಿಕ್ ಸಲಕರಣೆಗಳು ಏಕೆ ಇಷ್ಟು ಕೆಡುತ್ತವೆ ಎಂದು ಅಮೆರಿಕದ ಎಂಜಿನಿಯರುಗಳು ಅಭ್ಯಸಿಸತೊಡಗಿದಾಗ ಅವರಿಗೂ ಇದೇ ಆಕಾರದ ರೇಖೆ ಎದುರಾಯಿತು. ಕಾರ್ಖಾನೆಯಲ್ಲಿ ಸಡಿಲವಾಗಿ ಉಳಿದ ಒಂದು ತಿರುಪು, ಸರಿಯಾಗಿ ಕೂರದ ಒಂದು ಪ್ಲಗ್, ಯಾರೂ ಊಹಿಸದ ಸನ್ನಿವೇಶದಲ್ಲಿ ತಪ್ಪು ನಿರ್ಧಾರ ಕೈಗೊಳ್ಳುವ ಸಾಫ್ಟ್‌ವೇರ್ ಇವೆಲ್ಲ ಆರಂಭದಲ್ಲೇ ಹೊರಬೀಳುತ್ತವೆ. ತಿದ್ದುತ್ತ ಹೋದಂತೆ ರೇಖೆ ಇಳಿಯುತ್ತದೆ.

ಆದರೆ ಹಳೆಯ ಗಾಡಿಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲ, ಅವು ಇಷ್ಟು ಕಾಡಿದ್ದವೇ? ಈ ಪ್ರಶ್ನೆಗೆ ಉತ್ತರ ಗುಣಾಕಾರದಲ್ಲಿದೆ. ಜರ್ಮನಿಯ ವಿ-1 ಹಾರುಬಾಂಬಿನ ವಿನ್ಯಾಸಕರಲ್ಲೊಬ್ಬನಾಗಿದ್ದು ಮುಂದೆ ಅಮೆರಿಕದಲ್ಲಿ ಕೆಲಸ ಮಾಡಿದ ರಾಬರ್ಟ್ ಲುಸ್ಸರ್ ಎಂಬ ಎಂಜಿನಿಯರನ ಹೆಸರಿನೊಂದಿಗೆ ಈ ನಿಯಮವನ್ನು ಜೋಡಿಸುತ್ತಾರೆ. ಎಲ್ಲ ಭಾಗಗಳೂ ಸರಿಯಿದ್ದಾಗ ಮಾತ್ರ ನಡೆಯುವ ಯಂತ್ರದ ವಿಶ್ವಾಸಾರ್ಹತೆಯು ಆಯಾ ಭಾಗಗಳ ವಿಶ್ವಾಸಾರ್ಹತೆಗಳ ಗುಣಲಬ್ಧ. ಹೀಗಾಗಿ ಇಡೀ ಯಂತ್ರವು ತನ್ನ ಅತ್ಯಂತ ದುರ್ಬಲ ಭಾಗಕ್ಕಿಂತಲೂ ದುರ್ಬಲವಾಗಿರುತ್ತದೆ. ಜನ ಇದನ್ನು ಕೇಳಿ ತಲೆಯಾಡಿಸುತ್ತಾರೆ, ಆದರೆ ನಂಬುವುದಿಲ್ಲ. ಆದ್ದರಿಂದ ಬಾಗಿಲನ್ನೇ ತೆಗೆದುಕೊಳ್ಳೋಣ.

ತಾನಾಗಿ ಮುಚ್ಚುವ ಬಾಗಿಲು ಮುಚ್ಚುವಾಗ ಏನೇನು ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಗುಂಡಿ ಒತ್ತಿದೊಡನೆ ಪುಟ್ಟ ಮೋಟಾರು ಬಾಗಿಲಿನ ಹಲಗೆಯನ್ನು ಸರಿಸಿ ಬೋಗಿಯ ಗೋಡೆಯ ಸಮಕ್ಕೆ ಒಳಕ್ಕೆಳೆದು ಕೂರಿಸುತ್ತದೆ. ನಡುವೆ ಕೈಯೋ ಚೀಲವೋ ಸಿಕ್ಕಿಕೊಂಡರೆ ಮೋಟಾರಿನ ಮೇಲೆ ಭಾರ ಬಿದ್ದು ವಿದ್ಯುತ್ ಪ್ರವಾಹ ಏರುತ್ತದೆ, ಆ ಏರಿಕೆಯನ್ನು ಗಮನಿಸಿದ ಕಂಪ್ಯೂಟರು ಬಾಗಿಲನ್ನು ಹಿಂದಕ್ಕೆ ತೆರೆಯುತ್ತದೆ. ಅಡ್ಡಿಯಿಲ್ಲದಿದ್ದರೆ ಚಿಲಕ ಬಿದ್ದು, ಆ ಚಿಲಕ ಹೆಬ್ಬೆರಳಿನ ಗಾತ್ರದ ಒಂದು ಸ್ವಿಚ್ಚನ್ನು ಅದುಮುತ್ತದೆ. ಎಲ್ಲ ಬಾಗಿಲುಗಳ ಸ್ವಿಚ್ಚುಗಳನ್ನೂ ಒಂದೇ ತಂತಿಯಲ್ಲಿ ಸಾಲಾಗಿ ಪೋಣಿಸಲಾಗಿರುತ್ತದೆ. ಆ ತಂತಿಯಲ್ಲಿ ಪ್ರವಾಹ ಹರಿದು ಮರಳಿ ಬಂದರೆ ಮಾತ್ರ ಲೋಕೊ ಪೈಲಟ್‌ನ ಮುಂದಿನ ದೀಪ ಹೊತ್ತಿ, ಗಾಲಿ ತಿರುಗಿಸುವ ಮೋಟಾರುಗಳಿಗೆ ಶಕ್ತಿ ಸಿಗುತ್ತದೆ. ಒಂದು ಚಿಲಕ ಎರಡು ಮಿಲಿಮೀಟರ್ ಕಡಿಮೆ ಬಿದ್ದರೆ, ಒಂದು ಸಂಪರ್ಕದ ನಡುವೆ ಧೂಳು ಕೂತರೆ, ತಂತಿ ಕಡಿದಂತೆಯೇ ಸರಿ. ಬಾಗಿಲು ನಿಜವಾಗಿಯೂ ತೆರೆದಿದೆಯೋ ಅಥವಾ ಸ್ವಿಚ್ಚು ಸುಳ್ಳು ಹೇಳುತ್ತಿದೆಯೋ ಎಂಬುದು ಗಾಡಿಗೆ ತಿಳಿಯದು. ತೆರೆದಿದೆ ಎಂದೇ ಅದು ಭಾವಿಸಬೇಕು.

ಈಗ ಲೆಕ್ಕ. ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು, ಹರಿಹರದ ಕಡೆಗೆ ಹೋಗುತ್ತ ಹತ್ತು ಕಡೆ ನಿಲ್ಲುವ, ಎಂಟು ಬೋಗಿಗಳ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ಪ್ಲಾಟ್‌ಫಾರ್ಮಿನ ಬದಿಗೆ ಬೋಗಿಗೆ ಎರಡರಂತೆ ಹದಿನಾರು ಬಾಗಿಲು. ಒಂದು ಪ್ರಯಾಣದಲ್ಲಿ ಒಟ್ಟು 160 ಬಾರಿ ಮುಚ್ಚುವ ಕ್ರಿಯೆ. ಪ್ರತಿ ಬಾಗಿಲೂ ಹತ್ತು ಸಾವಿರ ಸಲಕ್ಕೆ ಒಮ್ಮೆ ಮಾತ್ರ ತಪ್ಪುತ್ತದೆ ಎಂದು ಇಟ್ಟುಕೊಳ್ಳಿ. ಕೇಳಲು ಇದು ಬಹಳ ಒಳ್ಳೆಯ ಬಾಗಿಲೇ. ಆದರೂ 0.9999ನ್ನು 160 ಸಲ ಗುಣಿಸಿದಾಗ ಉಳಿಯುವುದು 0.984. ಅಂದರೆ ಸುಮಾರು 63 ಪ್ರಯಾಣಗಳಿಗೊಮ್ಮೆ ಗಾಡಿ ಬಾಗಿಲಿನ ಕಾರಣಕ್ಕೇ ತಡವಾಗುತ್ತದೆ. ದಿನಕ್ಕೆ ಹೋಗಿ ಬರುವ ಎರಡು ಓಟಗಳಾದರೆ ತಿಂಗಳಿಗೊಮ್ಮೆ. ಇನ್ನು ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್, ಆ ವಿದ್ಯುತ್ತನ್ನು ಮೋಟಾರುಗಳಿಗೆ ಹೊಂದುವಂತೆ ಬದಲಿಸುವ ಕನ್ವರ್ಟರ್, ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್, ಬ್ರೇಕಿನ ಕಂಪ್ಯೂಟರ್, ಹವಾನಿಯಂತ್ರಣ ಎಲ್ಲವನ್ನೂ ಇದೇ ಗುಣಾಕಾರದೊಳಗೆ ಸೇರಿಸಿದರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು. ಅದೇ ಬಾಗಿಲನ್ನು ಲಕ್ಷಕ್ಕೊಮ್ಮೆ ತಪ್ಪುವ ಮಟ್ಟಕ್ಕೆ ತಂದರೆ ತೊಂದರೆ ಸುಮಾರು ಹತ್ತು ತಿಂಗಳಿಗೊಮ್ಮೆ ಎಂಬಲ್ಲಿಗೆ ಇಳಿಯುತ್ತದೆ. ಮೊದಲ ವರ್ಷದ ದುಡಿಮೆಯೆಲ್ಲ ಈ ಒಂದು ಸೊನ್ನೆಯನ್ನು ಗಳಿಸುವುದಕ್ಕಾಗಿ ನಡೆಯುತ್ತದೆ.

ಹಳೆಯ ಪ್ಯಾಸೆಂಜರ್ ಗಾಡಿಯ ಬಾಗಿಲನ್ನು ಪ್ರಯಾಣಿಕರೇ ತೆರೆದು ಮುಚ್ಚುತ್ತಿದ್ದರು, ಬಹಳಷ್ಟು ಸಲ ಮುಚ್ಚುತ್ತಲೂ ಇರಲಿಲ್ಲ. ಬಾಗಿಲು ಕೆಟ್ಟರೆ ಗಾಡಿಗೆ ಅದರ ಪರಿವೆಯಿರಲಿಲ್ಲ. ಎಂಜಿನ್ ಕೆಟ್ಟರೆ ಬೇರೊಂದನ್ನು ತಂದು ಜೋಡಿಸುತ್ತಿದ್ದರು. ಬಾಗಿಲಿಗಾಗಿ ಆ ಗಾಡಿ ನಿಲ್ಲುತ್ತಿರಲಿಲ್ಲ ನಿಜ, ಆದರೆ ಬಾಗಿಲಲ್ಲಿ ಜೋತುಬಿದ್ದವರು ಹಳಿಯ ಪಕ್ಕಕ್ಕೆ ಬೀಳುತ್ತಿದ್ದರು. ಗದಗ–ಬೆಟಗೇರಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ತಾನಾಗಿ ನಿಲ್ಲುವ ವಿದ್ಯುತ್ ಮಗ್ಗ ಪದೇ ಪದೇ ನಿಂತು ಬೇಸರ ತರುತ್ತದೆ. ನಿಲ್ಲದ ಮಗ್ಗ ಸರಾಗವಾಗಿ ಓಡುತ್ತದೆ, ಆದರೆ ಸೀರೆಯ ಉದ್ದಕ್ಕೂ ದೋಷ ನೇಯುತ್ತದೆ.

ರೈಲ್ವೆಯ ವಿವೇಕವಂತೂ ಒಂದೂವರೆ ಶತಮಾನದಿಂದ ನಿಲ್ಲುವ ಪಕ್ಷದಲ್ಲೇ ಇದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಗಾಳಿ ಬ್ರೇಕಿನಲ್ಲಿ ಒತ್ತಡ ಕೊಟ್ಟರೆ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರ ಹೊತ್ತಿಗೆ ಆತ ಅದನ್ನು ತಲೆಕೆಳಗು ಮಾಡಿದ: ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಸಡಿಲ, ಒತ್ತಡ ಹೋದರೆ ಬಿಗಿ. ನಮ್ಮ ಗಾಡಿಗಳ ಬ್ರೇಕ್ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡವನ್ನು ಕಾಯ್ದುಕೊಳ್ಳುವುದು ಇದೇ ತತ್ತ್ವದ ಮೇಲೆ. ಕೊಳವೆ ಕಡಿದ ಗಾಡಿ ನಿಲ್ಲುತ್ತದೆ, ಪ್ರಯಾಣಿಕರು ಬೈಯುತ್ತಾರೆ, ಯಾರೂ ಸಾಯುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ನಿಲ್ಲಬೇಕಾದಾಗ ನಿಲ್ಲದ ಅಥವಾ ಎಚ್ಚರಿಸಬೇಕಾದಾಗ ಎಚ್ಚರಿಸದ ವೈಫಲ್ಯಕ್ಕೆ. ಪೂರ್ವ ಇಂಗ್ಲೆಂಡಿನ ನಾರಿಚ್ ಸುತ್ತಲಿನ ಗ್ರಾಮೀಣ ಮಾರ್ಗಗಳಿಗೆ 2019ರಲ್ಲಿ ಸ್ಟಾಡ್ಲರ್ ಕಂಪನಿಯ ಹೊಸ ಪ್ರಾದೇಶಿಕ ರೈಲುಗಳು ಬಂದವು. ಆ ನವೆಂಬರಿನಲ್ಲಿ ಅಂಥದೊಂದು ಗಾಡಿ ಸಮೀಪಿಸುತ್ತಿದ್ದಾಗಲೇ ಲೆವೆಲ್ ಕ್ರಾಸಿಂಗಿನ ಗೇಟು ಮೇಲೆದ್ದುಬಿಟ್ಟಿತು. ಹಳಿಯ ಮೇಲೆ ಕೊಳೆತ ಎಲೆಗಳ ಲೇಪ ಕೂತಿದ್ದರಿಂದ ಗಾಲಿಗೂ ಹಳಿಗೂ ವಿದ್ಯುತ್ ಸಂಪರ್ಕ ಸರಿಯಾಗಿ ಆಗಿರಲಿಲ್ಲ, ಆ ಸಂಪರ್ಕದಿಂದಲೇ ಗಾಡಿಯನ್ನು ಗುರುತಿಸುವ ಗೇಟಿನ ವ್ಯವಸ್ಥೆಗೆ ಅದು ಬರುತ್ತಿರುವುದು ಕಾಣಲಿಲ್ಲ. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಗಾಡಿಯ ಒಳಗೆ ಯಾವ ಭಾಗವೂ ಕೆಟ್ಟಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ದೋಷವಿದ್ದದ್ದು ಗಾಡಿ ಮತ್ತು ಆ ಊರಿನ ಹಳಿ, ಮಳೆ, ಮರಗಳ ನಡುವಿನ ಸಂಬಂಧದಲ್ಲಿ. ಅಂಥದನ್ನು ಯಾವ ಕಾರ್ಖಾನೆಯ ಅಂಗಳದಲ್ಲೂ ಪರೀಕ್ಷಿಸಲಾಗದು.

ನಮ್ಮ ಕಡೆ ಎಲೆಗಳ ಬದಲು ಧೂಳಿದೆ. ಅಣ್ಣಿಗೇರಿ, ಗದಗದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಾಳಿಗೆ ನುಣ್ಣನೆಯ ಮಣ್ಣನ್ನು ಎಬ್ಬಿಸುತ್ತದೆ. ಕನ್ವರ್ಟರುಗಳನ್ನು ತಂಪಾಗಿಡುವ ಫ್ಯಾನುಗಳು ಆ ಗಾಳಿಯನ್ನೇ ಎಳೆದುಕೊಳ್ಳಬೇಕು. ಫಿಲ್ಟರು ಕಟ್ಟಿದರೆ ಒಳಗೆ ಬಿಸಿ ಏರಿ, ಯಂತ್ರ ತನ್ನನ್ನು ಉಳಿಸಿಕೊಳ್ಳಲು ಶಕ್ತಿಯನ್ನು ಕಡಿತಗೊಳಿಸುತ್ತದೆ. ರಾತ್ರಿ ಡಿಪೋಗೆ ಬಂದು ತಣ್ಣಗಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತದೆ. ಡಿಪೋದಲ್ಲಿ ಕಾಣೆಯಾಗುವ ಇಂಥ ದೋಷಗಳನ್ನು ಕಂಡಾಗಲೇ ಜನ ದೆವ್ವ, ದೃಷ್ಟಿ ಎನ್ನುವುದು, ಮತ್ತು ಇಂಥ ಕಡೆಯೇ ಉಷ್ಣತೆಯ ದಾಖಲೆಯನ್ನು ಗಂಟೆ ಗಂಟೆಗೂ ತೆಗೆದು ನೋಡುವ ತಂತ್ರಜ್ಞನ ತಾಳ್ಮೆ ಕೆಲಸಕ್ಕೆ ಬರುವುದು.

ಹೊಸತೆಂಬ ರಿಯಾಯಿತಿ ಎಲ್ಲ ದೋಷಕ್ಕೂ ಸಲ್ಲುವುದಿಲ್ಲ. 2022ರ ಅಕ್ಟೋಬರ್ 8ರಂದು ವಾರಾಣಸಿಗೆ ಹೊರಟಿದ್ದ ವಂದೇ ಭಾರತ್ ರೈಲಿನ ಒಂದು ಬೋಗಿಯಲ್ಲಿ ಗಾಲಿ ತಿರುಗಿಸುವ ಟ್ರಾಕ್ಷನ್ ಮೋಟಾರಿನ ಬೇರಿಂಗ್ ಕೆಟ್ಟು ಗಾಲಿ ಸವೆದು, ಪ್ರಯಾಣಿಕರನ್ನು ಖುರ್ಜಾದಲ್ಲಿ ಬೇರೆ ರೈಲಿಗೆ ಹತ್ತಿಸಬೇಕಾಯಿತು. ಆ ಮಾರ್ಗದ ಸೇವೆಗೆ ಆಗ ಮೂರು ವರ್ಷ ದಾಟಿತ್ತು. ಉದ್ಘಾಟನೆಯ ದಿನಾಂಕವನ್ನು ಮೊದಲು ಗೊತ್ತುಮಾಡಿ, ಉಳಿದ ದಿನಗಳಲ್ಲಿ ಪರೀಕ್ಷೆಯನ್ನು ಮುಗಿಸುವ ಪದ್ಧತಿಯನ್ನೂ ನಾನು ಒಪ್ಪಲಾರೆ. ಹಾಗೆ ಮಾಡಿದಾಗ ಖಾಲಿ ಗಾಡಿಯಲ್ಲಿ ಸಿಗಬೇಕಿದ್ದ ದೋಷಗಳು ತುಂಬಿದ ಗಾಡಿಯಲ್ಲಿ ಸಿಗುತ್ತವೆ.

ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದೇ ಹುಬ್ಬಳ್ಳಿಯಲ್ಲಿ. 1990ರ ದಶಕದ ಕೊನೆಗೆ ಬಂದ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಡೀಸೆಲ್ ಎಂಜಿನ್ನುಗಳನ್ನು ಪಳಗಿಸಿಕೊಂಡ ಶೆಡ್ಡೂ ಇದೇ ಊರಿನದು. ಇಂಥ ಊರಿನ ಪ್ರಯಾಣಿಕರು ಹೊಸ ಗಾಡಿ ಎಷ್ಟು ಸಲ ನಿಂತಿತು ಎಂದಷ್ಟೇ ಕೇಳದೆ, ಒಂದು ವೈಫಲ್ಯಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ ಎಷ್ಟು ಕಿಲೋಮೀಟರ್ ಓಡಿತು, ಆ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯೇ ಎಂದು ಕೇಳಬೇಕು. ಬ್ರಿಟನ್ನಿನ ರೈಲ್ವೆಯಲ್ಲಿ ಈ ಅಂಕಿಯನ್ನು ಗಾಡಿಯ ಮಾದರಿವಾರು ಲೆಕ್ಕವಿಡುತ್ತಾರೆ. ಅಂತರ ಹೆಚ್ಚುತ್ತಿದ್ದರೆ ತಿದ್ದುಪಡಿ ನಡೆಯುತ್ತಿದೆ ಎಂದು ತಿಳಿಯಬಹುದು. ವರ್ಷ ಕಳೆದರೂ ಅದೇ ಬಾಗಿಲು, ಅದೇ ಫಿಲ್ಟರು, ಅದೇ ಕಿಲೋಮೀಟರು ಎಂದಾದರೆ ದೋಷ ವಿನ್ಯಾಸದ್ದು ಇಲ್ಲವೇ ನಿರ್ವಹಣೆಯದು, ಮತ್ತು ಅದಕ್ಕೆ ತಯಾರಕರಿಂದಲೂ ಡಿಪೋದಿಂದಲೂ ಲಿಖಿತ ಉತ್ತರ ಪಡೆಯಬೇಕು.