ಮನೆಯಲ್ಲೇ ಮಾತ್ರೆ ಮುದ್ರಣ: ತೊಡಕಿರುವುದು ಪ್ರಿಂಟರಿನಲ್ಲಲ್ಲ

ಔಷಧ ಮುದ್ರಣ ಎಂದಾಗ ಎರಡು ಬೇರೆ ಕೆಲಸಗಳು ಬೆರೆತುಹೋಗುತ್ತವೆ. ಔಷಧದ ಅಣುವನ್ನೇ ತಯಾರಿಸುವುದು ಒಂದು. ಕಾರ್ಖಾನೆಯಲ್ಲಿ ಆಗಲೇ ತಯಾರಾದ ಔಷಧವನ್ನು ಒಬ್ಬ ರೋಗಿಗೆ ಬೇಕಾದಷ್ಟೇ ಅಳತೆಯಲ್ಲಿ ಮಾತ್ರೆಯಾಗಿ ಮುದ್ರಿಸುವುದು ಇನ್ನೊಂದು. ಪರೀಕ್ಷೆಗೆ ಓದುವವರು ಮೊದಲು ಈ ಗೆರೆ ಎಳೆದುಕೊಳ್ಳಬೇಕು.

ಮೊದಲನೆಯದನ್ನು ಮುಂದಿಟ್ಟವರು ಗ್ಲಾಸ್ಗೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಲೀ ಕ್ರೋನಿನ್. 3ಡಿ ಪ್ರಿಂಟರಿನಿಂದ ಪ್ಲಾಸ್ಟಿಕ್ ಪಾತ್ರೆಗಳನ್ನು ಮುದ್ರಿಸಿ ಅದರೊಳಗೇ ರಾಸಾಯನಿಕ ಕ್ರಿಯೆ ನಡೆಸಬಹುದೆಂದು 2012ರಲ್ಲಿ ತೋರಿಸಿದರು. 2018ರಲ್ಲಿ ಅವರ ತಂಡ ಇಂಥ ಪಾತ್ರೆಗಳಲ್ಲಿ ಸ್ನಾಯುಗಳ ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ತಯಾರಿಸಿತು. ದೊಡ್ಡ ಸಾಧನೆಯೇ ಸರಿ. ಆದರೆ ದ್ರಾವಕಗಳು, ಶುದ್ಧೀಕರಣ, ಉಳಿಯುವ ತ್ಯಾಜ್ಯ ಇವನ್ನೆಲ್ಲ ಅಡುಗೆಮನೆಯ ಪಕ್ಕ ಇಟ್ಟುಕೊಳ್ಳಲಾಗದು. ಮನೆಗೆ ಔಷಧ ಮುದ್ರಣ ಬರುವುದಾದರೆ ಎರಡನೆಯ ದಾರಿಯಲ್ಲೇ ಬರುತ್ತದೆ ಎಂದು ನನ್ನ ನಂಬಿಕೆ. ಮುಂದಿನದೆಲ್ಲ ಅದರ ಬಗ್ಗೆಯೇ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ ಸ್ಪ್ರಿಟಾಮ್ ಮುದ್ರಿತ ಮಾತ್ರೆಗಳಲ್ಲಿ ಮೊದಲನೆಯದು. ಮೂರ್ಛೆರೋಗದ ಔಷಧ ಲೆವೆಟಿರಾಸೆಟಾಮ್ ಇದರಲ್ಲಿದೆ. ಪುಡಿಯ ತೆಳು ಪದರ ಹರಡಿ, ಅದರ ಮೇಲೆ ಅಂಟುದ್ರವದ ಹನಿ ಬಿಟ್ಟು, ಮತ್ತೆ ಪುಡಿ ಹರಡುವ ವಿಧಾನ. ಯಂತ್ರದಲ್ಲಿ ಒತ್ತಿ ಗಟ್ಟಿಮಾಡದ ಕಾರಣ ಒಳಗೆಲ್ಲ ಸಣ್ಣ ರಂಧ್ರಗಳು ಉಳಿಯುತ್ತವೆ. ಹಾಗಾಗಿ 1000 ಮಿ.ಗ್ರಾಂ. ಮಾತ್ರೆಯೂ ಒಂದು ಗುಟುಕು ನೀರಿಗೆ ಕೆಲವೇ ಸೆಕೆಂಡುಗಳಲ್ಲಿ ಬಾಯಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದು ಮಾತು ನೆನಪಿಡಿ: ಸ್ಪ್ರಿಟಾಮ್ ಬರುವುದು 250, 500, 750, 1000 ಮಿ.ಗ್ರಾಂ.ಗಳಲ್ಲಿ, ಕಾರ್ಖಾನೆಯಿಂದ. ಮುದ್ರಿತವಾದದ್ದೆಲ್ಲ ವೈಯಕ್ತಿಕ ಔಷಧವಲ್ಲ.

ವೈಯಕ್ತಿಕ ಅಳತೆ ನಿಜಕ್ಕೂ ಯಾರಿಗೆ ಬೇಕು? ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ದೋಷವಿರುವ ಒಂದು ಮಗುವನ್ನು ತೆಗೆದುಕೊಳ್ಳಿ. ಆ ಗ್ರಂಥಿ ಮಾಡಬೇಕಿದ್ದ ಹಾರ್ಮೋನಿನ ಬದಲಿಗೆ ಅದಕ್ಕೆ ಹೈಡ್ರೋಕಾರ್ಟಿಸೋನ್ ದಿನಾ ಬೇಕು, ಅದೂ ದೇಹದ ಮೇಲ್ಮೈ ಲೆಕ್ಕದಲ್ಲಿ, ಮೂರು ಹೊತ್ತಿಗೆ ಹಂಚಿ. ಒಂದು ಹೊತ್ತಿಗೆ 2.2 ಮಿ.ಗ್ರಾಂ. ಬೇಕೆಂದಿಟ್ಟುಕೊಳ್ಳೋಣ. ಕೈಯಲ್ಲಿರುವುದು 10 ಮಿ.ಗ್ರಾಂ. ಮಾತ್ರೆ. ತಾಯಿ ಅದನ್ನು ನಾಲ್ಕು ತುಂಡು ಮಾಡಿದರೆ ಲೆಕ್ಕಕ್ಕೆ 2.5 ಬರಬೇಕು, ಆದರೆ ತುಂಡುಗಳು ಸಮನಾಗಿ ಒಡೆಯುವುದಿಲ್ಲ, ಸ್ವಲ್ಪ ಪುಡಿಯಾಗಿ ಉದುರಿಯೂ ಹೋಗುತ್ತದೆ. ಹೆಚ್ಚಾದರೆ ಮಗುವಿನ ಬೆಳವಣಿಗೆ ಕುಂಠಿತ, ಕಡಿಮೆಯಾದರೆ ಜೀವಕ್ಕೇ ಅಪಾಯ. ಈ ಕ್ಷೇತ್ರಕ್ಕೆ ಅರ್ಥ ಬರುವುದೇ ಇಂಥ ಮಕ್ಕಳಿಂದ.

ಈಗ ಇದೇ ಮಾತ್ರೆಯನ್ನು ಮುದ್ರಿಸುವ ಲೆಕ್ಕ ಮಾಡೋಣ. ಔಷಧ ಬೆರೆಸಿದ ಪೇಸ್ಟನ್ನು ಸಿರಿಂಜಿಗೆ ತುಂಬಿ ನಾಝಲ್‌ನಿಂದ ಎಳೆಎಳೆಯಾಗಿ ಹಿಂಡುವ ವಿಧಾನವನ್ನು ಆರಿಸಿಕೊಳ್ಳುತ್ತೇನೆ. ಚಕ್ಕುಲಿ ಒರಳಿನ ಕೆಲಸವೇ ಇದು: ಹಿಟ್ಟು ಸಡಿಲವಾದರೆ ಎಳೆ ಹರಡುತ್ತದೆ, ಗಟ್ಟಿಯಾದರೆ ತುಂಡಾಗುತ್ತದೆ. ಪ್ಲಾಸ್ಟಿಕ್ ತಂತಿಯಂಥದ್ದನ್ನು ಕರಗಿಸಿ ಮುದ್ರಿಸುವ ವಿಧಾನಕ್ಕೆ ಬಹಳ ಸಲ 150 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು, ಅನೇಕ ಔಷಧಗಳು ಅದನ್ನು ತಾಳುವುದಿಲ್ಲ. ಪೇಸ್ಟಿಗೆ ಆ ತೊಂದರೆ ಕಡಿಮೆ.

ಪೇಸ್ಟಿನಲ್ಲಿ ತೂಕದ 4% ಔಷಧ ಇರಲಿ, ಸಾಂದ್ರತೆ ಘನ ಮಿ.ಮೀ.ಗೆ 1.1 ಮಿ.ಗ್ರಾಂ. ಇರಲಿ (ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿದ ಅಂಕಿಗಳಿವು). 2.2 ಮಿ.ಗ್ರಾಂ. ಔಷಧಕ್ಕೆ 55 ಮಿ.ಗ್ರಾಂ. ಪೇಸ್ಟ್, ಅಂದರೆ 50 ಘನ ಮಿ.ಮೀ. ಬೇಕು. 5 ಮಿ.ಮೀ. ವ್ಯಾಸದ ಸಿಲಿಂಡರ್ ಆದರೆ ಎತ್ತರ 2.55 ಮಿ.ಮೀ. ಮಗು ಬೆಳೆದು 2.6 ಮಿ.ಗ್ರಾಂ. ಬೇಕಾದಾಗ ಎತ್ತರ 3.01 ಆಗುತ್ತದೆ. ಫೈಲಿನಲ್ಲಿ ಒಂದು ಅಂಕಿ ಬದಲಿಸಿದರಾಯಿತು.

ಆದರೆ ಜೊತೆಗೆ ಇನ್ನೊಂದು ಬದಲಾಯಿತು, ನೋಡಿದಿರಾ? ಸಿಲಿಂಡರಿನ ಮೇಲ್ಮೈ ಮತ್ತು ಘನಫಲದ ಅನುಪಾತ 4/ವ್ಯಾಸ + 2/ಎತ್ತರ. ಮೊದಲ ಮಾತ್ರೆಗೆ ಅದು 1.58, ಎರಡನೆಯದಕ್ಕೆ 1.46. ಅನುಪಾತ ಇಳಿದರೆ ಔಷಧ ಹೊರಬರುವ ವೇಗವೂ ತಗ್ಗುತ್ತದೆ. ಲಂಡನ್ನಿನ ಸಂಶೋಧಕರು 2015ರಲ್ಲಿ ಪ್ಯಾರಾಸಿಟಮಾಲನ್ನು ಘನ, ಪಿರಮಿಡ್, ಗೋಳ, ಸಿಲಿಂಡರ್, ಉಂಗುರದ ಆಕಾರಗಳಲ್ಲಿ ಮುದ್ರಿಸಿ ತೋರಿಸಿದ್ದು ಇದನ್ನೇ. ಬೇಗ ಕರಗುವ ಮಾತ್ರೆಗೆ ಇದು ಅಷ್ಟಾಗಿ ಬಾಧಿಸದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಲ್ಲಿ ಮಾತ್ರ ಡೋಸ್ ಬದಲಿಸಿದಾಗ ಆಕಾರವನ್ನೂ ಹೊಸದಾಗಿ ಯೋಚಿಸಬೇಕು.

ಆಸ್ಪತ್ರೆಯಲ್ಲಿ ಇದು ನಡೆದೂ ಇದೆ. ಸ್ಪೇನ್‌ನ ಸ್ಯಾಂಟಿಯಾಗೊ ಡಿ ಕಾಂಪೊಸ್ಟೆಲಾದ ಆಸ್ಪತ್ರೆಯಲ್ಲಿ ಮೇಪಲ್ ಸಿರಪ್ ಮೂತ್ರರೋಗದ (ಕೆಲವು ಅಮೈನೋ ಆಮ್ಲಗಳನ್ನು ದೇಹ ಒಡೆಯಲಾಗದ, ಕಟ್ಟುನಿಟ್ಟಾದ ಪಥ್ಯ ಬೇಕಾಗುವ ಹುಟ್ಟುರೋಗ) ಮಕ್ಕಳಿಗೆ ಐಸೊಲ್ಯೂಸಿನ್ ಅಮೈನೋ ಆಮ್ಲವನ್ನು ಅಗಿಯುವ ಮಾತ್ರೆಗಳಾಗಿ, ಬೇರೆ ಬೇರೆ ರುಚಿ ಬಣ್ಣಗಳಲ್ಲಿ ಮುದ್ರಿಸಿ ಕೊಟ್ಟರು. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಕ್ಕಳ ಸಂಖ್ಯೆ ತೀರಾ ಚಿಕ್ಕದು, ಆದರೂ ರಕ್ತದಲ್ಲಿನ ಮಟ್ಟ ಗುರಿಯ ಹತ್ತಿರವೇ ಉಳಿಯಿತು.

ಹಾಗಾದರೆ ಮನೆಗೆ ಬರಲು ಏನಡ್ಡಿ? ಮಾತ್ರೆಯಲ್ಲಿ ಹೇಳಿದಷ್ಟು ಔಷಧ ಇದೆಯೆಂದು ಖಾತ್ರಿಪಡಿಸುವುದು. ಕಾರ್ಖಾನೆಯಲ್ಲಿ ಸಾವಿರಾರು ಮಾತ್ರೆಗಳ ಬ್ಯಾಚಿನಿಂದ 10 ತೆಗೆದು, ಪುಡಿಮಾಡಿ, ಪ್ರತಿಯೊಂದೂ ಸರಾಸರಿಯ 85ರಿಂದ 115 ಶೇಕಡದೊಳಗೆ ಇದೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ಮುದ್ರಿಸಿದ್ದೇ 30 ಆದರೆ 10 ಪುಡಿಮಾಡಿ ಉಳಿಯುವುದೆಷ್ಟು? ತೂಕ ನೋಡಿದರೆ ಪೇಸ್ಟ್ ಎಷ್ಟು ಬಿತ್ತು ಎಂದಷ್ಟೇ ತಿಳಿಯುತ್ತದೆ. ಔಷಧ ಅದರಲ್ಲಿ ಸಮನಾಗಿ ಬೆರೆತಿದೆಯೇ ಎಂಬುದು ತಿಳಿಯದು. ಮಾತ್ರೆ ಒಡೆಯದೆ ಅದನ್ನು ಅಳೆಯಲು ಸಮೀಪ ಅವಕೆಂಪು ಕಿರಣಗಳ ವಿಧಾನ ಬಳಸುತ್ತಾರೆ. ಆ ಉಪಕರಣಕ್ಕೂ ಒಂದೊಂದು ಔಷಧಕ್ಕೆ ಬೇರೆಯಾಗಿ ಮಾಪನ ಹೊಂದಿಸಬೇಕು.

ಎರಡನೆಯದು ಹೊಣೆ. ನಮ್ಮ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಪ್ರಕಾರ ಮಾರಾಟಕ್ಕಾಗಿ ಔಷಧ ತಯಾರಿಸಲು ಲೈಸೆನ್ಸ್ ಬೇಕು, ಆ ವ್ಯವಸ್ಥೆ ಒಂದು ನಿಶ್ಚಿತ ಜಾಗವನ್ನು ಆಧರಿಸಿದ್ದು. ಬ್ರಿಟನ್ 2025ರ ಜುಲೈನಲ್ಲಿ ಜಾರಿಗೆ ತಂದ ನಿಯಮ ಬೇರೆ ದಾರಿ ಹಿಡಿದಿದೆ: ರೋಗಿಯ ಬಳಿಯೇ ಔಷಧ ತಯಾರಾಗಬಹುದು, ಆದರೆ ಲೈಸೆನ್ಸ್ ಹೊಂದಿದ ಒಂದು ನಿಯಂತ್ರಣ ಕೇಂದ್ರ ಅಷ್ಟಕ್ಕೂ ಹೊಣೆ ಹೊರಬೇಕು. ಮನೆಯ ಪ್ರಿಂಟರಿಗೆ ಒಪ್ಪುವ ಮಾದರಿ ಇದೇ ಎಂದು ನನಗನಿಸುತ್ತದೆ: ಮೊಹರು ಹಾಕಿದ ಕಾರ್ಟ್ರಿಜ್ ಕೇಂದ್ರದಿಂದ ಬರಬೇಕು, ಡೋಸ್ ವೈದ್ಯರ ಚೀಟಿಯಿಂದ ನೇರ ಯಂತ್ರಕ್ಕೆ ಹೋಗಬೇಕು, ಅಳತೆ ತಪ್ಪಿದ ಮಾತ್ರೆಯನ್ನು ಯಂತ್ರವೇ ತಡೆಹಿಡಿಯಬೇಕು. ಅದಕ್ಕೂ ಮೊದಲು ಜಿಲ್ಲಾಸ್ಪತ್ರೆಗಳ ಔಷಧಾಲಯಕ್ಕೆ ಇದು ಬರಲಿ ಎಂಬುದು ನನ್ನ ಆಸೆ. ಮಾತ್ರೆ ಮುರಿದು ಕೊಡುವ ತಾಯಂದಿರು ಬರುವುದು ಅಲ್ಲಿಗೇ.

ಅಭ್ಯಾಸಕ್ಕೆ: ಅದೇ ಪೇಸ್ಟ್, ಅದೇ 5 ಮಿ.ಮೀ. ವ್ಯಾಸ, ಡೋಸ್ 3 ಮಿ.ಗ್ರಾಂ. ಎತ್ತರ ಸುಮಾರು 3.47 ಮಿ.ಮೀ., ಅನುಪಾತ ಸುಮಾರು 1.38 ಬರಬೇಕು. ಆಮೇಲೆ ಅನುಪಾತವನ್ನು 1.58ರಲ್ಲೇ ಉಳಿಸಿಕೊಳ್ಳಲು ಮಾತ್ರೆಯ ನಡುವೆ ಎಷ್ಟು ಅಗಲದ ತೂತು ಬಿಡಬೇಕೆಂದು ಲೆಕ್ಕ ಹಾಕಿ. ತೂತಿನಿಂದ ಕಳೆದುಹೋಗುವ ಘನಫಲವನ್ನು ಎತ್ತರಕ್ಕೆ ಸೇರಿಸಲು ಮರೆಯಬೇಡಿ.